ಮೂರನೆಯ ಕಂಪ್ಲೇಂಟು

ತಿರುಪು ತಾನಾಗಿ ಸಡಿಲವಾಗಿರಲಿಲ್ಲ. ಯಾರೋ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದ್ದರು. ತನುಜ ಟಾರ್ಚನ್ನು ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಇನ್ನೊಮ್ಮೆ ಹಾಯಿಸಿದಳು. ವೈರು ಜಾಗ ಬಿಟ್ಟು ನೇತಾಡುತ್ತಿತ್ತು. ಪ್ಯಾನೆಲ್ಲಿಗೆ ಬೀಗವಿತ್ತು, ಬೀಗದ ಕೈ ಇರುತ್ತಿದ್ದದ್ದು ಮಾಲೀಕರ ಮನೆಯಲ್ಲಿ.

ಚಿಂತಾಮಣಿಯ ಹೊರಗಿನ ಈ ಟೊಮ್ಯಾಟೊ ಸಾಸ್ ಕಾರ್ಖಾನೆಗೆ ಸರ್ವಿಸ್ ಎಂಜಿನಿಯರ್ ತನುಜ ಬರುತ್ತಿರುವುದು ಒಂದೇ ತಿಂಗಳಲ್ಲಿ ಮೂರನೆಯ ಸಲ. ಬಾಟಲಿ ತುಂಬುವ ಲೈನು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮೊದಲ ಸಲ ಬಾಟಲಿ ನೋಡಬೇಕಾದ ಸೆನ್ಸರ್ ಗೋಡೆ ನೋಡುತ್ತಿತ್ತು. ಎರಡನೆಯ ಸಲ ಎಮರ್ಜೆನ್ಸಿ ಬಟನ್ ಒತ್ತಿದವರು ಯಾರೆಂದು ಯಾರೂ ಬಾಯಿಬಿಡಲಿಲ್ಲ. ಮಾಲೀಕ ಚಲಪತಿಯವರದು ಮಾತ್ರ ಪ್ರತಿ ಸಲವೂ ಒಂದೇ ಪಟ್ಟು, ಆ ಹುಡುಗಿಯನ್ನೇ ಕಳಿಸಿ ಅಂತ.

ಅವಳ ಕಂಪನಿಯ ಬೆಂಗಳೂರಿನ ಮ್ಯಾನೇಜರಿಗೆ ತಾಳ್ಮೆ ಮುಗಿದಿತ್ತು. "ಇದಾದ್ಮೇಲೆ ಇನ್ನೊಂದು ಸಲ ಅಲ್ಲಿಂದ ಕಂಪ್ಲೇಂಟ್ ಬಂದ್ರೆ ನಿನ್ನನ್ನ ಫೀಲ್ಡಿಂದ ತೆಗೆದು ಆಫೀಸಲ್ಲಿ ಕೂರಿಸ್ತೀನಿ" ಎಂದಿದ್ದ. ತನುಜಳಿಗೆ ನಿದ್ದೆ ಹಾರಿಹೋಗಿತ್ತು. ಗ್ರೀಸು, ಧೂಳು, ಊರೂರು ಅಲೆದಾಟ, ಸತ್ತ ಮಿಷನ್ನು ಮತ್ತೆ ಗುರುಗುಟ್ಟಿದಾಗ ಆಗುವ ಖುಷಿ, ಇದೆಲ್ಲ ಅವಳಿಗೆ ಪ್ರಾಣ. ಅದನ್ನು ಬಿಟ್ಟು ಏಸಿ ರೂಮಿನಲ್ಲಿ ಕೂರುವುದೆಂದರೆ ಸಾಯುವಷ್ಟು ಬೇಸರ.

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಲಪತಿಯವರ ಅಕ್ಕ ಅಮ್ಮಾಜಮ್ಮ ಕೂತಿದ್ದರು. ಕಾರ್ಖಾನೆಯಲ್ಲಿ ಅವರಿಗೇನು ಕೆಲಸವೋ ದೇವರೇ ಬಲ್ಲ. ಕಂಬಕ್ಕೊರಗಿ ನಿಂತವನು ಚಲಪತಿಯವರ ಮಗ ಮುನೇಶ್. ಇಷ್ಟು ಸಲ ಬಂದರೂ ಅವನಿಂದ ನೆಟ್ಟಗೆ ಒಂದು ಮಾತು ಬಂದಿರಲಿಲ್ಲ. ಇವಳು ತಿರುಗಿದರೆ ಸಾಕು, ಅವನು ಚಾವಣಿ ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ! ಬೇರೆ ಕಂಪನಿಯ ಮಿಷನ್ನು ತರಿಸುವ ಹುನ್ನಾರವೇ ಇರಬೇಕು ಎಂದುಕೊಂಡಳು ತನುಜ.

"ಏಮಮ್ಮ, ಇಷ್ಟು ಸಲ ಕರೆಸಿದ್ರೂ ನಿಂಗೆ ಸಿಟ್ಟು ಬರಲ್ವಾ?" ಅಮ್ಮಾಜಮ್ಮ ಕೇಳಿದರು.

"ಕೆಲಸ ಅಲ್ವಾಮ್ಮ, ಬರ್ಲೇಬೇಕು."

"ತಾಳ್ಮೆ ಐತೆ" ಎಂದರು ಅಮ್ಮಾಜಮ್ಮ, ಪಕ್ಕದಲ್ಲಿ ನಿಂತಿದ್ದ ತಮ್ಮ ಚಲಪತಿಯವರ ಕಡೆ ತಿರುಗಿ.

ತನುಜ ತಿರುಪು ಬಿಗಿದಳು. ಲೈನು ಹೊರಟಿತು, ಬಾಟಲಿಗಳು ಒಂದಕ್ಕೊಂದು ತಾಗುತ್ತ ಸಾಗಿದವು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೆ ಫೀಲ್ಡಿನ ಕೆಲಸವೇ ಹೋಗುತ್ತಿತ್ತು. ಅವಳು ಕೈ ಒರೆಸಿಕೊಂಡು ಚಲಪತಿಯವರ ಎದುರು ನಿಂತಳು.

"ಮಿಷನ್ನಿಗೆ ಏನೂ ಆಗಿಲ್ಲ ಸಾರ್. ಮೂರು ಸಲಾನೂ ಯಾರೋ ಬೇಕೂಂತ ಕೆಡಿಸಿದ್ದಾರೆ. ಅದೂ ನಿಮ್ಮ ಮನೆಯವ್ರೇ."

ಮುನೇಶನ ಮುಖ ಟೊಮ್ಯಾಟೊ ಹಣ್ಣಾಯಿತು. ಚಲಪತಿ ಅಕ್ಕನ ಕಡೆ ನೋಡಿದರು. ಅಕ್ಕ ನಿಧಾನವಾಗಿ ತಲೆಯಾಡಿಸಿದರು.

"ಸರಿ ಕಣಮ್ಮ" ಎಂದರು ಚಲಪತಿ. "ನಾವು ನೋಡೋದೆಲ್ಲ ನೋಡಾಯ್ತು. ಇನ್ಮೇಲೆ ಕಂಪ್ಲೇಂಟ್ ಬರಲ್ಲ, ನಿಶ್ಚಿಂತೆಯಾಗಿ ಹೋಗಿ ಬಾ."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ತನುಜಳ ಎದೆ ಹಗುರವಾಗಿತ್ತು. ಹೆದರದೆ ಹೇಳಿದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು. ಕೈವಾರದ ಕ್ರಾಸ್ ದಾಟುವಾಗ ಶಿಡ್ಲಘಟ್ಟದಿಂದ ಅಮ್ಮನ ಫೋನ್ ಬಂತು.

"ತನುಜಾ, ಕೋಪ ಮಾಡ್ಕೋಬೇಡ ಕಣೇ. ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ಮನೇಲೇ ಇರಲ್ಲ ನೀನು. ಅದಕ್ಕೇ ಮಿಷನ್ ಕೆಡಿಸಿ ಕರೆಸ್ಕೊಳ್ಳಿ ಅಂತ ಚಲಪತಿಯವ್ರಿಗೆ ನಾನೇ ಹೇಳ್ಕೊಟ್ಟೆ. ಹುಡುಗನ ಸೋದರತ್ತೆ ಅಮ್ಮಾಜಮ್ಮನಿಗಂತೂ ನೀನು ಪೂರ್ತಿ ಒಪ್ಪಿಗೆಯಂತೆ!"

ತನುಜ ಸೀಟಿನಲ್ಲಿ ನೆಟ್ಟಗೆ ಕೂತಳು. "ಮತ್ತೆ ನನ್ನ ಕೆಲಸ?"

"ಅಯ್ಯೋ, ಅದನ್ನ ನೋಡೇ ಅಲ್ವೇನೇ ಮೆಚ್ಕೊಂಡಿದ್ದು! ಮದುವೆ ಆದ್ಮೇಲೆ ಬಿಟ್ಬಿಟ್ರೆ ಸಾಕಂತೆ."