ಬೇರಿಂಗ್ ಹೋದ ಸ್ಯಾಂಡರ್

"ಈಗ ಮುಟ್ಟಿ ನೋಡಿ," ಎಂದು ಮಹದೇವಯ್ಯ ಮರ ನಯ ಮಾಡುವ ಸ್ಯಾಂಡರನ್ನು ಎತ್ತಿ, ತೇಗದ ಹಲಗೆಯ ಮೇಲಿನ ಹುಡಿಯನ್ನು ಬಾಯಿಂದ ಊದಿದ. ಕೊಳ್ಳೇಗಾಲದ ಅವನ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಹುಡಿ ಆ ಬಿಸಿಲೊಳಗೆ, ಕೆಳಗಿಳಿಯಲು ಮನಸ್ಸಿಲ್ಲದಂತೆ ತೇಲುತ್ತ ನಿಂತಿತು.

ಪರಮೇಶ ಕೈ ಚಾಚಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನು ಮುಂದಕ್ಕೆ ಬಿಟ್ಟ. "ನಾ ಮುಟ್ಟಿ ಏನ್ ಬಂತು ಸಾ? ನಮ್ಮನೇಲಿ ಮರ ಪಾಸಾಗೋದು ಇವಳ ಬೆರಳಲ್ಲಿ. ಮಿಷನ್ನೂ ಅಷ್ಟೆ. ಇವಳು ಊ ಅಂದದ್ನ ತಕಂಡು ಓಯ್ತೀನಿ."

ಅವನದು ಮರಗೆಲಸ, ಮಾಲಿನಿಯದು ರೇಷ್ಮೆ ಮಗ್ಗ. ಅವಳ ಮಗ್ಗಕ್ಕೆ ಲಾಳಿ ಓಡುವ ಹೊಸ ಹಲಗೆಯನ್ನು ಅವನೇ ಮಾಡುತ್ತಿದ್ದ. ಆ ಹಲಗೆಯಲ್ಲಿ ಕಣ್ಣಿಗೆ ಕಾಣದಷ್ಟು ತರಿ ಉಳಿದರೂ ಸಾಕು, ಎಳೆ ಕಡಿಯುತ್ತದೆ. ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಭುಜ ಸೋತ ಮೇಲೆ, ಕೊನೆಯ ನಯಕ್ಕೆ ಒಂದು ಮಿಷನ್ನು ಕೊಳ್ಳೋಣ ಎಂದು ಇಬ್ಬರೂ ಬಂದಿದ್ದರು.

ಮಾಲಿನಿ ಗಲ್ಲಾದ ಮೇಲಿದ್ದ ತೇಗದ ಹಲಗೆಯ ಅಂಚಿನಿಂದ ನಡುವಿನವರೆಗೆ ಬೆರಳಾಡಿಸಿದಳು. ನೀರಲ್ಲಿ ಬಿದ್ದ ಮರದ ನೆರಳನ್ನು ಮುಟ್ಟಿದ ಹಾಗಿತ್ತು. ಮರ ಅಲ್ಲಿ ಇರಲೇ ಇಲ್ಲ. ಶಿವರಾತ್ರಿ ಕಳೆದಾಗಿನಿಂದ ಹೀಗೆ. ಸಕ್ಕರೆ ಕಾಯಿಲೆ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ನಿದ್ದೆಗೆ ಹಾಕಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗ್ಗದಿಂದ ಎಬ್ಬಿಸುತ್ತಾರೆ; ಮಗ್ಗದಿಂದ ಎದ್ದ ಮೇಲೆ ಈ ಲೋಕದಲ್ಲಿ ಎಲ್ಲಿ ಕೂರಬೇಕೆಂದು ಅವಳಿಗೆ ತಿಳಿಯದು. ಸೀರೆಯ ಹೆಗಲಿಗೆ ಅಂಟಿದ್ದ ಬಿಳಿ ರೇಷ್ಮೆ ಎಳೆಯೊಂದನ್ನು ಬಿಡಿಸಿ, ಎರಡೂ ಕೈಗಳಲ್ಲಿ ಹಿಡಿದು ಹಲಗೆಯ ಮೇಲೆ ಎಳೆದಳು. ಎಳೆ ನಡುದಾರಿಯಲ್ಲಿ ತಡೆದು ನಿಂತಿತು.

"ಇದು ಬ್ಯಾಡ."

ಮಹದೇವಯ್ಯ ದುಂಡು ತಳದ ಇನ್ನೊಂದು ಮಿಷನ್ನನ್ನು ಅದೇ ಹಲಗೆಯ ಮೇಲೆ ಓಡಿಸಿದ. ಈ ಸಲ ಎಳೆ ಎಲ್ಲೂ ನಿಲ್ಲದೆ ಜಾರಿ ಬಂತು.

"ಇದು ಆಗಬೌದು."

"ಗಂಡು ನೋಡಕ್ಕೆ ಬಂದಾಗ್ಲೂ ಇಂಗೇ ಎಳೆ ಎಳ್ದು ನೋಡಿದ್ರಾ ತಾಯಿ?" ಎಂದು ಮಹದೇವಯ್ಯ ನಕ್ಕ.

"ಆಗ ಎಳ್ದಿದ್ರೆ ಇವರೆಲ್ಲಿ ಪಾಸಾಯ್ತಿದ್ರು. ಆ ಕೈ ನೋಡಿ, ಉಳಿ ಹಿಡಿದೂ ಹಿಡಿದೂ ಕಳ್ಳಿಗಿಡ ಆಗ್ಬುಟ್ಟದೆ. ತಾಕಿದ್ರೆ ರೇಷ್ಮೆ ಎಲ್ಲಾ ಸಿಕ್ಕಾಕತದೆ. ಮಗ್ಗದ ತಾವಕ್ಕೇ ಸೇರ್ಸಲ್ಲ ನಾನು."

ನಗುತ್ತಲೇ ಮಹದೇವಯ್ಯ ತನ್ನ ಬಾಕಿ ಕೆಲಸಕ್ಕೆ ತಿರುಗಿ, ಗಲ್ಲಾದ ಆಚೆ ತುದಿಯಲ್ಲಿದ್ದ ಹಳೇ ಚೌಕ ಸ್ಯಾಂಡರಿನ ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತಿದ. ಅದು ಗುರ್ರೆಂದು ನಡುಗಿ, ಆಮೆಯಂತೆ ತಾನೇ ತೆವಳುತ್ತ ಅಂಚಿನ ಕಡೆ ಹೊರಟಿತು. ಬಿದ್ದುಹೋಗುವುದೆಂದು ಮಾಲಿನಿ ಎಡ ಅಂಗೈಯನ್ನು ಅದರ ಬೆನ್ನ ಮೇಲೆ ಒತ್ತಿ ಹಿಡಿದಳು.

ಆಗ ಅವಳ ಕೈ ಎಚ್ಚರವಾಯಿತು. ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಕೊನೆಗೆ ಕಿರುಬೆರಳ ತುದಿ. ಕರೆಸಿಕೊಂಡವರಂತೆ ಒಬ್ಬೊಬ್ಬರಾಗಿ ಎದ್ದು ಬಂದರು. ಯಳಂದೂರಿನ ತವರುಮನೆಯ ಜಗುಲಿಗೆ ಬರುತ್ತಿದ್ದ, ಕಥೆ ಹಾಡುವ ನೀಲಗಾರರ ತಂಬೂರಿ ಹೀಗೆಯೇ ಮಿಡಿಯುತ್ತಿತ್ತು. ಅವರ ಕಥೆಯ ಪದಗಳು ಅರ್ಥವಾಗದ ವಯಸ್ಸು. ಅವಳು ತಂಬೂರಿಯ ಹೊಟ್ಟೆಗೆ ಕೈಯಿಟ್ಟು ಕೂರುತ್ತಿದ್ದಳು. ಹಾಡು ಕಿವಿಗಿಂತ ಮೊದಲು ಅಂಗೈಗೆ ಬರುತ್ತಿತ್ತು. ಅಷ್ಟು ದೂರದಿಂದ ಈಗ ಮತ್ತೆ ಬಂದಿತ್ತು. ಅವಳು ಕಣ್ಣು ಮುಚ್ಚಿದಳು.

"ಇದನ್ನೇ ತಕಳಿ," ಎಂದಳು.

"ಅಯ್ಯೋ, ಅದು ಮಾರೋದಲ್ಲ ತಾಯಿ. ಮಾರ್ಟಳ್ಳಿಯೋರು ರಿಪೇರಿಗೆ ಬುಟ್ಟೋಗವ್ರೆ. ಬೇರಿಂಗ್ ಓಗ್ಬುಟ್ಟದೆ ಅದ್ರದು. ಒಂದ್ಗಳಿಗೆ ಹಿಡಿದ್ರೆ ಕೈಯೆಲ್ಲ ಜೋಮು ಹಿಡೀತದೆ, ಬುಡಿ ಬುಡಿ."

ಅವಳು ಬಿಡಲಿಲ್ಲ. ಪರಮೇಶ ಅವಳ ಇನ್ನೊಂದು ಕೈಯನ್ನು ನೋಡಿದ. ಅದರಲ್ಲಿ ಆ ಬಿಳಿ ಎಳೆ ಇನ್ನೂ ಇತ್ತು, ಅರ್ಧ ಕೆಂಪಾಗಿತ್ತು. ಹಲಗೆಯ ಉಜ್ಜದ ಅಂಚಿನಿಂದ ಒಂದು ಸಿಬಿರು ಅವಳ ತೋರುಬೆರಳಿಗೆ ಉದ್ದಕ್ಕೂ ಇಳಿದಿತ್ತು.

"ಆ ದುಂಡಂದೇ ಕಟ್ಟಿ ಸಾ," ಎಂದ ಪರಮೇಶ. ಮಹದೇವಯ್ಯ ಡಬ್ಬ ತರಲು ಒಳಗೆ ಹೋದ.

ಪರಮೇಶ ಆ ಬೆರಳನ್ನು ಹಿಡಿದು ಉಗುರಿನಿಂದ ಸಿಬಿರನ್ನು ಮೆಲ್ಲಗೆ ಎಳೆದು ತೆಗೆದ. ಮಾಲಿನಿಯ ರೆಪ್ಪೆ ಅಲುಗಲಿಲ್ಲ. ಅವಳು ಕಣ್ಣು ತೆರೆದಾಗ ಅವನ ಅಂಗೈಯಲ್ಲಿ ಸಿಬಿರು, ಎಳೆ ಎರಡೂ ಇದ್ದವು.

"ಮಗ್ಗದಿಂದ ಏಳು ಅನ್ಬ್ಯಾಡಿ," ಎಂದಳು. ಮಿಷನ್ನಿನ ಸದ್ದಿನಲ್ಲಿ ಅದು ಅವನೊಬ್ಬನಿಗೆ ಕೇಳಿಸಿತು.

"ನಾಳೆ ಡಾಕ್ಟ್ರ ತಾವ ಓಗಣ, ಅದಕ್ಕೊಂದು ಇಲ್ಲ ಅನ್ಬ್ಯಾಡ. ಏಳು ಅಂತ ಯಾರಂದ್ರು? ಇಷ್ಟ್ ವರ್ಷ ನನ್ ಮರ ನೀ ಮುಟ್ಟಿ ಯೋಳ್ದೆ. ಇನ್ಮೇಕೆ ನಿನ್ ಎಳೆ ನಾ ಮುಟ್ಟಿ ಯೋಳ್ತೀನಿ."

"ಆ ಕೈಲಿ?"

"ಊ, ಈ ಕೈಲೇ ಕಣಮ್ಮಿ. ಹೊಸ ಮಿಷನ್ನ ಹಲಗೆಗಿಂತ ಮುಂಚೆ ನನ್ ಬೆರಳಿಗೆ ಹಾಕ್ಕತೀನಿ ಬುಡು."

ಅವಳ ತುಟಿಯಂಚು ಅಲುಗಿತು. ಕೈ ಮಾತ್ರ ಮಿಷನ್ನಿನ ಬೆನ್ನ ಮೇಲೆಯೇ ಇತ್ತು.

ಮಹದೇವಯ್ಯ ಹೊಸ ಡಬ್ಬದ ಧೂಳೊರೆಸುತ್ತ ಹೊರಬಂದ. ಗಲ್ಲಾದ ಮೇಲೆ ಇನ್ನೂ ಗುರುಗುಟ್ಟುತ್ತಿದ್ದ ಸ್ಯಾಂಡರನ್ನು ನೋಡಿ ಸ್ವಿಚ್ಚಿಗೆ ಕೈ ಚಾಚಿದ. ಪರಮೇಶ ಆ ಕೈಯನ್ನು ನಡುವೆಯೇ ಹಿಡಿದುಕೊಂಡ.

"ಅದು ಓಡ್ಲಿ ಸಾ," ಎಂದ. "ಬಿಲ್ಲು ನಿಧಾನಕ್ಕೆ ಬರೀರಿ."