ಚಕ್ಕುಲಿ ಒರಳಿನ ಪಾಠ

ಕಾಲೇಜಿನಲ್ಲಿ ಆರು ವರ್ಷದಿಂದ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದೆ. ನನಗೇ ಅದು ಅರ್ಥವಾಗಿರಲಿಲ್ಲ. ಬೋರ್ಡಿಗೇ ಮುಖ ಮಾಡಿಕೊಂಡು ಗೈಡಿನಲ್ಲಿದ್ದುದನ್ನು ಬರೆದು ಬರುತ್ತಿದ್ದೆ, ಅಷ್ಟೆ. ಈ ಬೇಸಿಗೆ ರಜೆಯಲ್ಲಿ ನಾಚಿಕೆ ತಡೆಯಲಾರದೆ, ಪಕ್ಕದ ಊರಿನ ಟ್ಯೂಷನ್ನಿಗೆ ಅಂಚೆ ಗುಮಾಸ್ತನೆಂದು ಸುಳ್ಳು ಹೇಳಿ ಸೇರಿದೆ.

ಕಲಿಸುವ ನಸೀಮಾ ಮೇಡಂಗೆ ಇಪ್ಪತ್ತೈದಿರಬಹುದು. ಮೂರು ದಿನ ನಾನು ತಲೆ ಕೆರೆದುಕೊಂಡದ್ದನ್ನು ನೋಡಿ, ನಾಲ್ಕನೆಯ ದಿನ ಅವರು, “ಕ್ಲಾಸ್ ಅಂದ್ರೆ ಚಕ್ಕುಲಿ ಒರಳು ಸರ್, ಆಬ್ಜೆಕ್ಟ್ ಅಂದ್ರೆ ಅದರಲ್ಲಿ ಒತ್ತಿದ ಚಕ್ಕುಲಿ” ಎಂದರು.

“ಇಷ್ಟೇನಾ!” ನಾನು ಕುಣಿಯುವುದೊಂದು ಬಾಕಿ. “ಎಷ್ಟು ಚೆನ್ನಾಗಿ ಹೇಳಿಕೊಡ್ತೀರಿ ಮೇಡಂ! ಇದನ್ನೆಲ್ಲ ಎಲ್ಲಿ ಕಲಿತ್ರಿ?”

“ಇದೇ ಟ್ಯೂಷನ್ನಲ್ಲಿ ಸರ್.” ಅವರು ತಲೆ ತಗ್ಗಿಸಿದರು. “ಕಾಲೇಜಲ್ಲಿ ನಿಮ್ಮ ಪಾಠ ಅರ್ಥ ಆಗ್ತಿರ್ಲಿಲ್ಲ.”