ಕೆನೆಯದ ಕುದುರೆ

ಮರುಭೂಮಿಯಲ್ಲಿ ಅಲೆಯುವ ಬೆದೂಯಿನ್ ಜನರ ಡೇರೆಯೊಂದರಲ್ಲಿ ಹುಟ್ಟಿದ ಹೆಣ್ಣು ಕುದುರೆಮರಿಯನ್ನು, ಅಲ್ಲಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ಒಂಟೆಹಾಲು ಕುಡಿಸಿ ಮಗಳಂತೆ ಸಾಕಿದ. ಆದರೆ ಅದು ಕೆನೆದಾಗಲೆಲ್ಲ ಮೂತಿಯನ್ನು ಅಂಗೈಯಲ್ಲಿ ಅದುಮಿ ಹಿಡಿದು, ದನಿಯೆತ್ತದಂತೆ ಪಳಗಿಸಿದ.

“ಪಾಪ, ಒಂದ್ಸಲ ಕೆನೆಯೋಕೆ ಬಿಡಣ್ಣ,” ಎಂದ ತಮ್ಮ.

“ದಾಳಿ ಮಾಡೋರ ಕಿವಿಗೆ ಇದರ ದನಿ ಬಿದ್ರೆ ನಾವ್ಯಾರೂ ಉಳಿಯಲ್ಲ ಕಣೋ.”

ಮುಂದೆ ಅದೇ ಕುದುರೆಯೇರಿ ಬಾವಿಗೆ ಹೊರಟ ತಮ್ಮ ಬಿರುಗಾಳಿಗೆ ಸಿಕ್ಕಿಬಿದ್ದ. ಕಣ್ಣು ಬಿಡಲಾಗದ ಧೂಳಿನಲ್ಲಿ ಅಣ್ಣ ಅವನ ಹೆಸರನ್ನೂ ಕುದುರೆಯ ಹೆಸರನ್ನೂ ಗಂಟಲು ಹರಿಯುವಂತೆ ಕೂಗುತ್ತ ಅಲೆದ. ಎಲ್ಲಿಂದಲೂ ಉತ್ತರ ಬರಲಿಲ್ಲ.

ಗಾಳಿ ನಿಂತಿತು. ಅವನು ನಿಂತು ಕೂಗಿದ್ದ ದಿಬ್ಬದ ಹಿಂದೆಯೇ, ಮರಳಲ್ಲಿ ಅರ್ಧ ಹೂತ ತಮ್ಮನ ಹೆಣವನ್ನು ಕಾಯುತ್ತ ಕುದುರೆ ನಿಂತಿತ್ತು.

ಅಣ್ಣನನ್ನು ಕಂಡು ಕೆನೆಯಲೆಂದು ತಲೆಯೆತ್ತಿದ ಅದು, ತಾನೇ ಹತ್ತಿರ ಬಂದು, ಮೂತಿಯನ್ನು ಅವನ ಅಂಗೈಗೆ ಒತ್ತಿತು.